ಸಾಸಿವೇ

ಡೊಂಬಿವಲಿ ಸ್ಟೇಷನ್ನಿಂದ ಪೂರ್ವಕ್ಕ ಇಳದ್ರ
ಪೂಲಿನ ಬುಡಕ್ಕ, ವಡಾಪಾವ್ ಗಾಡಿಗೆ ಬೆನ್ನು ಹಚ್ಚಿ
ನನ್ನ ಚಾವಿ ಅಂಗಡಿ. ಅಂಗಡಿ ಅಂದ್ರ ಒಂದು ಪೆಟ್ಟಿಗಿ,
ನಾಕು ಕಾನಸು, ಒಂದು ಛತ್ರಿ.
ಹಿತ್ತಾಳಿ ಚೂರು ಇನ್ನೂ ಬೆರಳಸಂದ್ಯಾಗ ಹೊಳೀತಾವ,
ಆದರ ಈಗಿನ ಮಂದಿ ತರೂದು ಹಲ್ಲಿಲ್ಲದ ಚಾವಿ:
ನೀಲಿ ಬಿಲ್ಲಿ, ಬಿಳಿ ಕಾರ್ಡು, ಟವರಿನ ಗೇಟಿಂದು.
'ಇದಕ್ಕೊಂದು ಜೋಡಿ ಮಾಡಿ ಕೊಡು' ಅಂತಾರ.
ಸೆಕ್ರೆಟರಿ ಚೀಟಿ ಕೇಳ್ತೀನಿ. ಅರ್ಧ ಮಂದಿ ಅಲ್ಲೇ ಕರಗ್ತಾರ.
ಉಳದ ಬಿಲ್ಲಿ ಒಳಗ ಕೆಲವು ಫೋನಿಗೆ ಬಾಯಿನ ಬಿಡೂದಿಲ್ಲ,
ಕೆಲವು ಹೆಸರು ಹೇಳ್ತಾವ, ಹೊಟ್ಟ್ಯಾಗಿಂದು ಹೇಳೂದಿಲ್ಲ.

ಒಂದು ಸೋಮವಾರ ದೂಮಣ್ಣ ಸಾಲಿಯಾನ್ ಬಂದ್ರು,
ಕೋಲು ಮೊದಲ, ಆಮ್ಯಾಲ ಅವರು,
ಅವರ ಹಿಂದ ಡಬ್ಬಿ ತುಂಬಿದ ಚೀಲದ ಸಪ್ಪಳ.
ಫೋರ್ಟಿನ ಗಲ್ಲಿಯೊಳಗ ಮೂವತ್ತೊಂದು ವರ್ಷ
ಕನ್ನಡದ ಮೊಳೆ ಜೋಡಿಸಿದವರು.
ಉಲ್ಟಾ ಅಕ್ಷರ ಸರಳ ಓದಿದ ಕಣ್ಣು
ಈಗ ನಡುವ ಕಪ್ಪು, ಅಂಚಿಗಷ್ಟ ಬೆಳಕು.

"ಮಗಳಿಗೆ ಸಯನ್ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾರಾಯ,
ಅಡುಗೆ ನನ್ನದು. ಜೀರಿಗೆ, ಮೆಂತೆ ಮೂಗಿಗೆ ಗೊತ್ತು.
ಉಪ್ಪಿಗೆ, ಸಕ್ಕರೆಗೆ ವಾಸನೆ ಉಂಟಾ?
ಫೋನು ಹಿಡಿದರೆ ಡಬ್ಬಿ ಹೆಸರು ಹೇಳಬೇಕು.
ಕನ್ನಡದಲ್ಲಿ."

ಇಪ್ಪತ್ತು ರೂಪಾಯಿ ಸ್ಟಿಕರು. ಸೆಲ್ಲಿಲ್ಲ, ವಯರಿಲ್ಲ.
ಫೋನು ಹತ್ತಿರ ಬಂದಾಗಷ್ಟ ಎಚ್ಚರ,
ದೂರ ಹೋತು, ಸತ್ತಂಗ ನಿದ್ದಿ.
ಒಳಗ ಜಾಗಾ ನೂರಾ ನಲವತ್ನಾಕು ಬೈಟು.
ಇಂಗ್ಲಿಷಿನ ಉಪ್ಪಿಗೆ ನಾಕು ಸಾಕ್ರಿ ಅಂದೆ,
ನಮ್ಮ ಉಪ್ಪಿಗೆ ಹದಿನೈದು:
'ಉ'ಗ ಮೂರು, 'ಪ'ಗ ಮೂರು,
ಒತ್ತಿಗೆ ಆರು, ಕೊಂಬಿಗೆ ಮತ್ತ ಮೂರು.

ದೂಮಣ್ಣ ನಕ್ಕರು. "ಪ್ರೆಸ್ಸಿನಲ್ಲೂ ಹಾಗೇ.
ಒತ್ತಿಗೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ.
ಕಾಲಮ್ಮು ತುಂಬಿತು ಅಂತ ಮ್ಯಾನೇಜರ್ ಬೊಬ್ಬೆ ಹಾಕ್ತಿದ್ದ.
ದೀರ್ಘಕ್ಕೆ ಇಲ್ಲಿ ಎಷ್ಟು?"
ಹ್ರಸ್ವಕ್ಕೂ ಮೂರು, ದೀರ್ಘಕ್ಕೂ ಮೂರ.
"ಹೌದಾ?" ಅಂದ್ರು.
ಒಂದು ಲೋಕಲ್ ದಾಟಿ ಹೋಗೂತನಕ ಸುಮ್ಮನಿದ್ರು.

ಸ್ಟೀಲಿನ ಡಬ್ಬಿಗೆ ಅಂಟಿಸಿದೆ. ಫೋನು ಮೂಕ.
ಲೋಹ ಮಾತು ನುಂಗತೈತಿ.
ಕಡೀಕ ಚಾವಿಗೆ ಹಾಕೂ ಪ್ಲಾಸ್ಟಿಕ್ ಬಿಲ್ಲಿಗೆ ಹಚ್ಚಿ
ದಾರ ಪೋಣಿಸಿ, ಡಬ್ಬಿ ಕೊರಳಿಗೆ ಕಟ್ಟಿದೆ. ಎತ್ತಿ ಹಿಡದ್ರ ಮಾತಾಡತಾವ.
ಹದಿನಾಕು ಡಬ್ಬಿ, ಹದಿನಾಕು ಚಾವಿ,
ಒಂದಕ್ಕೂ ಕೀಲಿ ಇಲ್ಲ.

ಕಡೀ ಡಬ್ಬಿ ಹೊತ್ತಿಗೆ ಆರರ ಗದ್ದಲ, ಗಿರಾಕಿ ಮ್ಯಾಲ ಗಿರಾಕಿ.
'ಕಾಯಂ ಲಾಕ್ ಮಾಡಲೇ?' ಅಂತ ಫೋನು ಕೇಳ್ತು,
ಹ್ಞೂಂ ಅಂತ ಒತ್ತಿದೆ. ಒತ್ತಿದ ಮ್ಯಾಲ ನೋಡಿದೆ:
ಸಾಸಿವೆ ಅಲ್ಲ, ಸಾಸಿವೇ.
ಇನ್ನ ಯಾರು ಬಂದ್ರೂ ಅಳಸಾಕ ಆಗೂದಿಲ್ಲ.
ಹೇಳಲಿಲ್ಲ ನಾನು. ಚೀಲ ಎತ್ತಿ ಕೊಟ್ಟೆ.

ಎಂಟು ದಿನಕ್ಕ ಮತ್ತ ಕೋಲಿನ ಸಪ್ಪಳ.
ಹೊಸ ಸ್ಟಿಕರ್ ತಗದ ಇಟ್ಟಿದ್ದೆ. ರೊಕ್ಕ ಬ್ಯಾಡ್ರಿ ಅಂದೆ.
"ಬಿಡು ದಸ್ತಗೀರಾ. ತಪ್ಪಚ್ಚು ಆ ದಿನವೇ ಕೇಳಿತು,
ಮೂವತ್ತೊಂದು ವರ್ಷ ಪ್ರೂಫು ಕೇಳಿದ ಕಿವಿ.
ಮರುದಿನ ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟೆ, ಫೋನು ಹಿಡಿದೆ.
ಒಳಗಿನ ಆ ಹೆಂಗಸು 'ಸಾಸಿವೇ' ಅಂತ ಕರೆದಳು.
ಪಾಳಿ ಮುಗಿಸಿ ಮಲಗಿದ್ದ ಮಗಳು
ನಿದ್ದೆಯಲ್ಲೇ 'ಆಂ?' ಅಂತ ಓಗೊಟ್ಟಳು!
ನಕ್ಕು ನಕ್ಕು ಎಣ್ಣೆ ಕರಟಿತು.
ಈಗ ಸಕ್ಕರೆಗೂ ಒಂದು ಹಾಗೆ ಬರೆದು ಕೊಡು.
ದೀರ್ಘಕ್ಕೂ ಮೂರೇ ಅಂದಿಯಲ್ಲ."

ಬರದೆ. ಸಕ್ಕರೇ.
'ಕಾಯಂ ಲಾಕ್ ಮಾಡಲೇ?' ಫೋನು ಮತ್ತ ಕೇಳ್ತು.
ಅವರ ಮುಖ ನೋಡಿದೆ.
ವಡಾಪಾವ್ ಗಾಡಿ ಕಡೆ ಮೂಗು ತಿರುವಿ ನಿಂತಿದ್ರು.
"ಎಣ್ಣೆ ನಿನ್ನೆಯದ್ದು" ಅಂದ್ರು.