ಬಾಕಿ ಇಲ್ಲ

ಸೊಹಾರ್ ಬಂದರಿನ ಬೆನ್ನಿಗೆ ಆತುಕೊಂಡ ಟೈಪಿಂಗ್ ಸೆಂಟರು.
ಎ.ಸಿ. ತೊಟ್ಟಿಕ್ಕುವಲ್ಲಿ ಹಾಲಿನಪುಡಿಯ ಖಾಲಿ ಡಬ್ಬಿ.
ಒಂಬತ್ತು ವರ್ಷದಿಂದ ಯಾರ್ಯಾರದೋ ಅರ್ಜಿಗೆ ನನ್ನ ಇಂಗ್ಲಿಷು,
ಪುಟಕ್ಕೆ ಐನೂರು ಬೈಸ.

ಇದಿನಬ್ಬನ ತಮ್ಮ ಚಹದ ಕೆಟಲು ಹಿಡಿದು ಬಾಗಿಲಲ್ಲೇ ಕೇಳುತ್ತಾನೆ:
ಸುಲೈಮಾನಿಯೋ, ಕರಕೋ?
ಓ ಎಂದು ಬಾಯಿ ದುಂಡಗಾದಷ್ಟೂ
ಆಯ್ಕೆಗೆ ಜಾಗ.
ಇಂಗ್ಲಿಷಿಗೆ ಇಂಥ ಬಾಲವಿಲ್ಲ,
ನಡುವೆ ಒಂದು ಆಳು ನಿಲ್ಲಿಸಬೇಕು:
ಆಂಡ್, ಇಲ್ಲವೇ ಆರ್.
ಆರ್ ಅಂದರೆ ಮೊದಮೊದಲು ನನಗೆ
ಅಂಕಿ ಆರು,
ಅಥವಾ ಗಾಳಿ ದೀಪಕ್ಕೆ ಹೇಳುವ ಮಾತು.

ಇವತ್ತು ಮೊಫಿಜುಲ್ ಬಂದ, ವೆಲ್ಡರು.
ಕೈಯಲ್ಲಿ ಕಂಪನಿಯ ಕರಡು:
ಇವನಿಗೆ ಸಂಬಳ ಆಂಡ್ ರಜೆಹಣ ಬಾಕಿ ಇಲ್ಲ.
ಅಂಚಿನಲ್ಲಿ ಮ್ಯಾನೇಜರನ ಹಸಿರು ಶಾಯಿ:
ವ್ಯಾಕರಣ ಸರಿಮಾಡಿ ಟೈಪಿಸಿ, ಬೇಗ.

ಸರಿ ಯಾವುದು, ಗೊತ್ತು ನನಗೆ.
'ಇಲ್ಲ'ದ ನೆರಳಲ್ಲಿ ಆಂಡ್ ನಿಂತರೆ
ಗೋಡೆಯಲ್ಲೊಂದು ಬಿರುಕು.
ಎರಡೂ ಒಟ್ಟಿಗೆ ಇಲ್ಲ, ಸರಿ,
ಒಂದು ಇದ್ದರೂ ಇರಬಹುದಲ್ಲ?
ವಕೀಲನೊಬ್ಬ ಉಗುರು ತೂರಿಸುವಷ್ಟು ಸಂದು.
ಆರ್ ಬಂದರೋ, ಮುಗಿಯಿತು.
ಆಯ್ಕೆ ಕೊಡುವ ಪದವೇ ಅಲ್ಲಿ
ಎರಡು ಬಾಗಿಲಿಗೂ ಚಿಲಕ.
ಅದೂ ಇಲ್ಲ, ಇದೂ ಇಲ್ಲ;
ಕನ್ನಡದಲ್ಲಾದರೆ ಊ ಊ ಎಂದು
ಎರಡು ಸಲ ಊಳಿಡಬೇಕಿತ್ತು.

ಎರಡು ತಿಂಗಳ ಸಂಬಳ ಬಂದಿಲ್ಲ ಎನ್ನುತ್ತಾನೆ.
ರಜೆಹಣದ ಲೆಕ್ಕ ಅವನಿಗೇ ತಿಳಿಯದು.
ನನ್ನ ಬೆರಳು ಕೀಲಿಯ ಮೇಲೆ.
ಮೂರಕ್ಷರ ಅಳಿಸಿ ಎರಡು ಒತ್ತಿದರೆ ಆಯಿತು.
ಶಿರ್ವದ ಶಾಲೆಯಲ್ಲಿ ಎಮಿಲಿಯಾನಾ ಟೀಚರು
ಇದೇ ತಪ್ಪಿಗೆ ಗೆಣ್ಣಿಗೆ ಸ್ಕೇಲಿನಿಂದ ಹೊಡೆದಿದ್ದರು.
ಗೆಣ್ಣು ಚುರ್ರೆಂದಿತು.

ತಿದ್ದಲಿಲ್ಲ.

ಮುದ್ರಿಸಿ, ಹಿಂದಿಯಲ್ಲಿ ಓದಿ ಹೇಳಿದೆ:
ಇಲ್ಲೊಂದು ಸಂದು ಇದೆ, ನಕಲು ಇಟ್ಟುಕೋ.
ಕಾಗದ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ,
ಕಾಣಲಿಲ್ಲವೇನೋ.
ನಕ್ಕ. ರಾತ್ರಿ ಹನ್ನೊಂದಕ್ಕೆ ವಿಮಾನವಂತೆ.
ನಾಲ್ಕು ಮಡಿಕೆ ಮಾಡಿ ನಕಲನ್ನು
ಕಾಲ್ಚೀಲದೊಳಗೆ ಇಟ್ಟುಕೊಂಡ.

ಸಂಜೆ ಮ್ಯಾನೇಜರನ ಫೋನು:
ಇಷ್ಟೂ ಇಂಗ್ಲಿಷು ಬರುವುದಿಲ್ಲವಾ ನಿನಗೆ?
ಬರುವುದಿಲ್ಲ ಸಾರ್, ಎಂದೆ.

ಲೋಟ ಮುಟ್ಟಿ ನೋಡಿದೆ.
ಚಹ ಆರಿತ್ತು.