ಉಗುರು

ಭಾನುವಾರ, ಸಿದ್ದಾಪುರದ ಸಂತೆ ಕರಗುವ ಮೊದಲೇ
ಲೂರ್ದಮ್ಮ ಲೈನುಮನೆಗಳ ಕಡೆ ಹೊರಡುತ್ತಾಳೆ.
ಚೀಲದಲ್ಲಿ ಡೆಟಾಲು, ಹಳೇ ಪಂಚೆಯ ಚೂರು,
ತೀರಿಹೋದ ಗಂಡನ ಕಸಿ ಕತ್ತರಿ.
ಹಿಂದೆ ನಾನು. ನನ್ನ ಚೀಲದಲ್ಲಿ ನೂರು ಕರಪತ್ರ,
ನಾಲಗೆಯ ತುದಿಯಲ್ಲಿ ಹದಿನಾಲ್ಕು ವಾಕ್ಯ.

ಎರವರ ಚೋಮ ಜಗಲಿಯಲ್ಲಿ ಕೂತಿದ್ದ.
ಮೆಣಸು ಕುಯ್ಯಲು ಏಣಿ ಹತ್ತಿ ಹತ್ತಿ
ಬಿದಿರಿನ ಗೆಣ್ಣಾದ ಪಾದ.
ಹೆಬ್ಬೆರಳ ಉಗುರು ಆಡಿನ ಕೊಂಬಿನಂತೆ ಬಾಗಿ
ಮಾಂಸಕ್ಕೇ ಇಳಿದಿತ್ತು.

"ಒಂದು ಕಾಗದ ಕೊಡು ಮಗಾ," ಅಂದಳು.
ಸದ್ಯ, ಶುರುವಾಯಿತು ಅಂದುಕೊಂಡೆ.
ಕೊಟ್ಟೆ.
ಅವಳದನ್ನು ನೆಲಕ್ಕೆ ಹಾಸಿದಳು,
ಅವನ ಕಾಲಡಿಗೆ.

ಬಿಸಿನೀರಲ್ಲಿ ಅರ್ಧ ಗಂಟೆ ನೆನೆದ ಮೇಲೆ
ಟಪ್, ಟಪ್,
ನಾನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದ
'ಪ್ರೀತಿ'ಯ ಮೇಲೆ ಉಗುರಿನ ಚೂರು.

"ಯಾರು ಕಳಿಸ್ತಾರೆ ನಿನ್ನ? ಸಾವ್ಕಾರ್ರಾ?"
ಚೋಮ ಕೇಳಿದ.
ನಾನು ಬಾಯಿ ತೆರೆದೆ.
ಅವಳು ಅಂದಳು: "ಆ ಕಾಲು ಕೊಡು."

ವರ್ಷ ಎರಡಾಯಿತು.
ಚೋಮ ಇಗರ್ಜಿಯ ಮೆಟ್ಟಿಲು ಹತ್ತಿಲ್ಲ.
ಅವನ ದೇವರು ಅವನ ಕಾಡಿನಲ್ಲೇ ಇದ್ದಾನೆ.
ನನ್ನ ಪುಸ್ತಕದಲ್ಲಿ ಅವನ ಹೆಸರಿನೆದುರು ಇನ್ನೂ ಸೊನ್ನೆ.

ಹೋದ ವಾರ ಲೂರ್ದಮ್ಮನಿಗೆ ಜ್ವರ.
ಒಬ್ಬನೇ ಹೋದೆ, ಏನು ಮಾಡುವುದೆಂದು ತೋಚದೆ.
ಕೊನೇ ಮನೆಯಲ್ಲಿ, ಕಣ್ಣು ಕಾಣದ ಜೋಯಿಯ ಮುಂದೆ
ಚೋಮ ಕುಕ್ಕುರುಗಾಲಲ್ಲಿ ಕೂತಿದ್ದ;
ಪಕ್ಕದಲ್ಲಿ ಹಬೆಯಾಡುವ ಬೋಗುಣಿ,
ಮಡಿಲಲ್ಲಿ ಅವಳ ಪಾದ.

ತಲೆ ಎತ್ತಲಿಲ್ಲ.
ನನ್ನ ಕಡೆ ಕೈ ಚಾಚಿದ:
"ಕಾಗದ."