ಸಾಕ್ಸ್ ಬಿಚ್ಚಿದ ವರ್ಷ

ಕಾರ್ಡಿಫ್‌ನ ನಾಲ್ಕನೇ ಮಹಡಿಯಲ್ಲಿ ಕೂತು
ದೇಶದ ಸಕ್ಕರೆ ಅಳೆಯುವುದು ನನ್ನ ಕೆಲಸ.
ಊರಿನ ಒಂದೊಂದು ದವಾಖಾನೆಗೂ ಒಂದೊಂದು ಸಾಲು,
ಒಂದೊಂದು ರೋಗಿಗೂ ಎಂಟು ಚೌಕ.
ರಕ್ತ, ಮೂತ್ರ, ಒತ್ತಡ, ತೂಕ, ಬೀಡಿ ಬಿಟ್ಟನೋ ಇಲ್ಲವೋ;
ಪಾದ ಎಲ್ಲದರ ಕೊನೆಗೆ,
ಮೈಯಲ್ಲಿ ಇರುವ ಹಾಗೆಯೇ.

ಮಾರ್ಚ್ ಕಳೆದು ಪಟ್ಟಿ ಬಂತು.
ಉತ್ತರದ ಕುಮ್ ಗ್ಲಾಸ್ ಎಂಬ ಪುಟ್ಟ ಊರು
ಪಾದದ ಸಾಲಿನಲ್ಲಿ ತೊಂಬತ್ತೇಳು ಇದ್ದದ್ದು ಐವತ್ತೆರಡು.
ನಕ್ಷೆಯಲ್ಲಿ ಹಸಿರಾಗಿದ್ದದ್ದು ಕೆಂಪು.
"ಏನಾಯಿತು ಅಲ್ಲಿ? ಹೋಗಿ ನೋಡಿ ಬಾ" ಅಂದರು ಮೇಲಿನವರು.

ಎರಡು ರೈಲು, ಒಂದು ಬಸ್ಸು.
ಬೆಟ್ಟವನ್ನೇ ಸೀಳಿ ಸ್ಲೇಟು ಮಾಡಿ
ಅರ್ಧ ಲೋಕಕ್ಕೆ ಸೂರು ಹೊದಿಸಿದ ಊರು.
ಮನೆಗಳ ಬೆನ್ನಿಗೆ
ಮಾರಲಾಗದ ಚೂರುಗಳದೇ ಇನ್ನೊಂದು ಬೆಟ್ಟ.

ಹೊಸ ನರ್ಸ್ ಎಲುನೆಡ್ ಟೀ ಕೊಡಲಿಲ್ಲ, ಕುರ್ಚಿ ಕೊಟ್ಟಳು.
"ನಿಮ್ಮ ಚೌಕ ಏನು ಕೇಳುತ್ತದೆ?"
ಪಾದ ಪರೀಕ್ಷೆ ಆಯಿತೆ, ಇಲ್ಲವೆ.
"ಸಾಕ್ಸ್ ಬಿಚ್ಚಿದಿರಾ ಅಂತ ಕೇಳುತ್ತದೆಯೆ?"
ಕೇಳುವುದಿಲ್ಲ.

ಅವಳಿಗಿಂತ ಮೊದಲಿದ್ದವರು ಕೆಟ್ಟವರಲ್ಲ.
ತಲೆಗೆ ಹತ್ತು ನಿಮಿಷ, ಬೆಂಚಿನ ಮೇಲೆ ಹದಿನಾರು ಜನ,
ಲೇಸು ಸಡಿಲಿಸಲಾರದ ಮುದಿ ಬೆರಳು.
"ಕಾಲು ಹೇಗಿದೆ?"
"ಇದೆ."
ಗುರುತು ಬಿತ್ತು.
ಹೀಗೆ ಊರಿನ ಪಾದಗಳೆಲ್ಲ
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಅಂದು ಗುರುವಾರ. ಎಮ್ರಿಸ್ ಪಾರಿ ಬಂದ,
ಮೂವತ್ತೊಂದು ವರ್ಷ ಗಣಿಯಲ್ಲಿ ಕಲ್ಲು ಸೀಳಿದವನು,
ಹೆಂಡತಿಗೇ ತೋರಿಸಿಲ್ಲ ಈ ಕಾಲು ಎಂದು ಗೊಣಗುತ್ತ.
ಎಲುನೆಡ್ ನೆಲಕ್ಕೆ ಮಂಡಿಯೂರಿದಳು.
ಬೂಟು ಬೋರಲು ಹಾಕಿದರೆ
ಟಕ್ ಎಂದು ಬಿತ್ತು ಸ್ಲೇಟಿನ ಚೂರು,
ಉಗುರಿನಷ್ಟು, ಅಂಚು ಹರಿತ.
"ಎಷ್ಟು ದಿನದಿಂದ ಇದು?"
"ಯಾವುದು?" ಅಂದ ಎಮ್ರಿಸ್.

ಸಾಕ್ಸು ಬರಲಿಲ್ಲ, ಅಂಟಿತ್ತು. ನೀರು ಹನಿಸಿ
ಮೆಲ್ಲಗೆ ಬಿಡಿಸಿದಳು. ವಾಸನೆಗೆ ನಾನು
ಗೋಡೆಯ ಕ್ಯಾಲೆಂಡರ್ ಓದಿದೆ.
ಇನ್ನೊಂದು ಪಾದ ಸಾಬೂತಿತ್ತು.
ಅದಕ್ಕೊಂದು ನೈಲಾನ್ ಎಳೆ ಹಿಡಿದಳು,
ಹತ್ತು ಗ್ರಾಂ ಭಾರಕ್ಕೆ ಬಾಗುವ ಎಳೆ.
"ಕಣ್ಣು ಮುಚ್ಚು. ತಾಕಿದಾಗ ಹೇಳು."
ಹೆಬ್ಬೆರಳಿನ ಮೇಲೆ ಎಳೆ ಬಾಗಿತು.
ಹಿಮ್ಮಡಿಯ ಬಳಿ ಬಾಗಿತು. ನಡುವೆ ಬಾಗಿತು.
ಎಮ್ರಿಸ್ ಮರ್ಯಾದೆಯಿಂದ ಕಾದ.
ಆಮೇಲೆ, ಕಣ್ಣು ತೆರೆಯದೆಯೇ:
"ಶುರು ಮಾಡು ಮಗಳೆ."

ವಾಪಸು ಬಂದು ವರದಿ ಬರೆದೆ:
ಈ ಊರಿನ ಅಂಕಿ ಬಿದ್ದಿಲ್ಲ, ನಿಜವಾಗಿದೆ.
ಮೀಟಿಂಗಿನಲ್ಲಿ ಅಳೆದೂ ಸುರಿದೂ
ಹೊಸ ಚೌಕದ ಮಾತು ಮುಂದಿನ ವರ್ಷಕ್ಕೆ ಹೋಯಿತು.
ಆದರೂ ನಾನು ಊರೂರಿಗೆ ಫೋನ್ ಹಚ್ಚುತ್ತೇನೆ.
ಈ ಸಲ ಇನ್ನೂ ಒಂಬತ್ತು ಊರು ಕೆಂಪಾಗಿವೆ,
ಯಾರಿಗೂ ಕಾಣದ ಹಾಗೆ ಖುಷಿಪಡುತ್ತಿದ್ದೇನೆ.

ಎಲುನೆಡ್ ಕಾಗದ ಹಾಕಿದ್ದಾಳೆ.
ಎಮ್ರಿಸ್‌ಗೆ ಒಂದು ಬೆರಳು ಹೋಯಿತು.
ಉಳಿದ ಒಂಬತ್ತನ್ನು ದಿನಾ ರಾತ್ರಿ
ಹೆಂಡತಿ ಪೌಡರ್ ಡಬ್ಬಿಯ ಕನ್ನಡಿ ಹಿಡಿಯುತ್ತಾಳಂತೆ,
ಅವನು ಎಣಿಸುತ್ತಾನಂತೆ.